ಲಾರಿಯ ಕ್ಯಾಬಿನ್ನಿನಲ್ಲಿ ಎಂಜಿನ್ ಎಣ್ಣೆಯ ವಾಸನೆ: ಕಾರಣ, ಪತ್ತೆ ಮತ್ತು ಪರಿಹಾರ

ಹೊಸಕೋಟೆ, ಮಾಲೂರು, ಕೋಲಾರಗಳ ಕಡೆಯಿಂದ ಟೊಮ್ಯಾಟೊ, ಹೂಕೋಸು, ಹುರುಳಿಕಾಯಿ, ಸೊಪ್ಪು ತುಂಬಿಕೊಂಡ ಲಾರಿಗಳು ಬೆಳಕು ಹರಿಯುವ ಮೊದಲೇ ಹಳೆ ಮದರಾಸು ರಸ್ತೆಯಲ್ಲಿ ಸಾಲುಗಟ್ಟಿ ಬೆಂಗಳೂರಿಗೆ ಬರುವುದು ನಿಮಗೆಲ್ಲ ತಿಳಿದ ವಿಷಯವೇ ಆಗಿದೆ. ಬಾಡಿಗೆ ಲಾರಿಯನ್ನೇ ನಂಬಿಕೊಂಡಿದ್ದ ಕಾಲ ಹೋಗಿ, ಇಂದು ಅನೇಕ ರೈತರು ಸ್ವಂತಕ್ಕೋ, ನಾಲ್ಕಾರು ಮಂದಿ ಸೇರಿಯೋ ಒಂದು ಸಣ್ಣ ಲಾರಿಯನ್ನು ಇಟ್ಟುಕೊಂಡಿದ್ದಾರೆ. ಎತ್ತು ಮೇವು ಬಿಟ್ಟಿತೇ, ಹಸುವಿನ ಮೂಗು ಒಣಗಿತೇ ಎಂದು ದಿನವೂ ನೋಡುವ ರೈತರು ಲಾರಿಯ ವಿಷಯದಲ್ಲಿ ಅಷ್ಟೇ ಎಚ್ಚರ ವಹಿಸುವುದು ಅಪರೂಪ. ಅದರಲ್ಲೂ ಕ್ಯಾಬಿನ್ನಿನೊಳಗೆ ಬರುವ ಎಂಜಿನ್ ಎಣ್ಣೆಯ ಕಮಟು ವಾಸನೆಯನ್ನು ಗಮನಿಸಿಯೂ ಸುಮ್ಮನಿರುವವರೇ ಹೆಚ್ಚು.

ನಾನು ಬೇಸಾಯಶಾಸ್ತ್ರದವನು, ಮೆಕ್ಯಾನಿಕ್ ಅಲ್ಲ. ಆದರೂ ಈ ವಿಷಯವನ್ನು ಬರೆಯಲು ಒಂದು ಕಾರಣವಿದೆ. ಕೆಲವು ತಿಂಗಳುಗಳ ಹಿಂದೆ ಹೊಸಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾತ್ಯಕ್ಷಿಕೆಯ ತಾಕು ನೋಡಲು ಹೋಗಿದ್ದೆ. ಅಲ್ಲಿಯೇ ರಾತ್ರಿ ಉಳಿದು, ಮರುದಿನ ನಸುಕಿನಲ್ಲಿ ಅದೇ ರೈತರ ಟೊಮ್ಯಾಟೊ ಲಾರಿಯಲ್ಲಿ ಬೆಂಗಳೂರಿಗೆ ಹೊರಟೆ. ಅವರ ಮಗ ಲಾರಿ ನಡೆಸುತ್ತಿದ್ದ. ಹತ್ತಿದ ಕೂಡಲೇ ಎಣ್ಣೆ ಸೀದ ವಾಸನೆ ಮೂಗಿಗೆ ಬಡಿಯಿತು. ಕೇಳಿದ್ದಕ್ಕೆ ರೈತರು, “ಹಳೇ ಗಾಡಿ ಅಲ್ವಾ ಸಾರ್, ಇದ್ದದ್ದೇ” ಎಂದು ದೇವರ ಪಟದ ಮುಂದೆ ಎರಡು ಊದುಬತ್ತಿ ಹಚ್ಚಿಟ್ಟರು. ಚಳಿಯೆಂದು ಕಿಟಕಿಗಳನ್ನು ಏರಿಸಿದ್ದೆವು. ಕೃಷ್ಣರಾಜಪುರದ ಹತ್ತಿರ ವಾಹನಗಳು ಹೆಜ್ಜೆ ಹೆಜ್ಜೆಗೂ ನಿಲ್ಲತೊಡಗಿದಾಗ ವಾಸನೆ ಇನ್ನೂ ಹೆಚ್ಚಿತು. ನನಗೆ ತಲೆ ಸಿಡಿಯುತ್ತಿತ್ತು. ಆ ಹುಡುಗ ಮತ್ತೆ ಮತ್ತೆ ಆಕಳಿಸುತ್ತಿದ್ದ. ನಿದ್ದೆಗೆಟ್ಟದ್ದರಿಂದ ಹೀಗಾಗಿರಬಹುದೆಂದು ಎಲ್ಲರೂ ಭಾವಿಸಿದೆವು. ಮಾರತ್ತಹಳ್ಳಿಯ ಕಡೆಗೆ ತಿರುಗಿ, ವಿಮಾನಪುರದಲ್ಲಿ ಅಂಗಡಿಯೊಂದಕ್ಕೆ ಕ್ರೇಟುಗಳನ್ನು ಇಳಿಸಲು ಲಾರಿ ನಿಲ್ಲಿಸಿ ಕೆಳಗಿಳಿದು ಕಾಲು ಗಂಟೆ ಗಾಳಿಯಲ್ಲಿ ನಿಂತಾಗ ಮೂವರ ತಲೆನೋವೂ ಹಗುರಾಯಿತು. ಆಗಲೇ ನನಗೆ ಸಂಶಯ ಬಂದದ್ದು. ನಿದ್ದೆಗೆಟ್ಟ ತಲೆನೋವು ನಿದ್ದೆ ಮಾಡಿದರೆ ಹೋಗಬೇಕು. ಲಾರಿಯಿಂದ ಇಳಿದ ಮಾತ್ರಕ್ಕೆ ಹೋಗುವುದಾದರೆ ಅದರ ಮೂಲ ಲಾರಿಯಲ್ಲೇ ಇದೆ.

ಮುಂದೆ ಆ ಲಾರಿಯನ್ನು ಬಿಚ್ಚಿ ನೋಡಿದಾಗ ಮೂರು ದೋಷಗಳು ಕಂಡುಬಂದವು. ಅವುಗಳನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಿಮ್ಮ ಲಾರಿಯನ್ನು ನೀವೇ ಪರೀಕ್ಷಿಸುವ ಕ್ರಮವನ್ನು ತಿಳಿಯೋಣ.

ಎಂಜಿನ್ ಎಣ್ಣೆಯ ವಾಸನೆಯೇ ಹೌದೇ?

ಲಾರಿಯಲ್ಲಿ ಬರುವ ವಾಸನೆಗಳೆಲ್ಲ ಒಂದೇ ಅಲ್ಲ. ಅವುಗಳನ್ನು ಬೇರ್ಪಡಿಸಿ ಗುರುತಿಸುವುದು ಮೊದಲ ಕೆಲಸ.

೧. ಬಾಣಲೆಯಲ್ಲಿ ಎಣ್ಣೆ ಮಿತಿಮೀರಿ ಕಾದು ಹೊಗೆಯಾಡಿದಂತಹ ಕಮಟು ವಾಸನೆ ಬಂದರೆ ಎಂಜಿನ್ ಎಣ್ಣೆ ಬಿಸಿ ಭಾಗದ ಮೇಲೆ ಬಿದ್ದು ಸುಡುತ್ತಿದೆಯೆಂದು ತಿಳಿಯಬೇಕು.

೨. ಗಂಧಕದಂತೆ ಮೂಗು ಕೆರಳಿಸುವ ಘಾಟು ಇದ್ದರೆ ಅದು ಗೇರ್ ಎಣ್ಣೆ.

೩. ಹಸಿ ಡೀಸೆಲ್ಲಿನ ವಾಸನೆ ಬಂದರೆ ಡೀಸೆಲ್ ಪೈಪು ಅಥವಾ ಇಂಜೆಕ್ಟರ್‌ಗಳ ಜೋಡಣೆ ಸೋರುತ್ತಿರಬಹುದು. ಇದನ್ನು ಒಂದು ದಿನವೂ ತಡಮಾಡದೆ ಸರಿಪಡಿಸಬೇಕು.

೪. ಸ್ವಲ್ಪ ಸಿಹಿಯಾದ ವಾಸನೆ ಬಂದು, ಗಾಜಿನ ಒಳಭಾಗ ಮಬ್ಬಾಗುತ್ತಿದ್ದರೆ ರೇಡಿಯೇಟರ್ ನೀರಿಗೆ ಬೆರೆಸಿದ ಕೂಲಂಟ್ ಸೋರುತ್ತಿದೆ.

೫. ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಬ್ಯಾಟರಿ ಮಿತಿಮೀರಿ ಚಾರ್ಜ್ ಆಗುತ್ತಿರಬಹುದು.

೬. ಏರು ಹತ್ತುವಾಗ ಅಥವಾ ಇಳಿಜಾರಿನಲ್ಲಿ ಮಾತ್ರ ಸುಟ್ಟ ವಾಸನೆ ಬಂದರೆ ಕ್ಲಚ್ ಅಥವಾ ಬ್ರೇಕ್ ಲೈನಿಂಗ್ ಕಾದಿದೆ.

೨೦೨೦ರ ಏಪ್ರಿಲ್ ನಂತರ ಮಾರಾಟವಾದ ಭಾರತ್ ಹಂತ-೬ರ ಡೀಸೆಲ್ ವಾಹನಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಸೈಲೆನ್ಸರ್ ಸಾಲಿನಲ್ಲಿರುವ ಮಸಿ ಸೋಸುವ ಫಿಲ್ಟರು ಆಗಾಗ್ಗೆ ತನ್ನಲ್ಲಿ ಕೂಡಿದ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆ ವೇಳೆಯಲ್ಲಿ ಸ್ವಲ್ಪ ಹೊತ್ತು ಕಾದ ವಾಸನೆ ಬರುವುದು ಸಹಜ. ದಿನವೂ ಬರುವ ವಾಸನೆ ಮಾತ್ರ ಸಹಜವಲ್ಲ.

ವಾಸನೆ ಯಾವಾಗ ಬರುತ್ತದೆ?

ಎಲೆ ಹಳದಿಯಾದಾಗ ನಾವು ಮೊದಲು ಕೇಳುವ ಪ್ರಶ್ನೆ, ‘ಕೆಳಗಿನ ಹಳೆ ಎಲೆಯೇ, ಮೇಲಿನ ಎಳೆ ಎಲೆಯೇ?’ ಎಂಬುದು. ಕೆಳಗಿನ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ತುದಿಯ ಎಳೆ ಎಲೆಯಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ನಡುವೆ ಬಿಳಿಚಿಕೊಂಡರೆ ಕಬ್ಬಿಣದ ಕೊರತೆ. ಬಣ್ಣ ಒಂದೇ ಆದರೂ ಕಾಣಿಸಿಕೊಂಡ ಜಾಗದಿಂದ ಕಾರಣ ತಿಳಿಯುತ್ತದೆ. ಹಾಗೆಯೇ ವಾಸನೆ ಬರುವ ಹೊತ್ತಿನಿಂದ ಅದರ ಮೂಲವನ್ನು ಊಹಿಸಬಹುದು.

ಎಂಜಿನ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಕಳೆದ ಮೇಲೆ ವಾಸನೆ ಆರಂಭವಾಗಿ, ವಾಹನ ನಿಂತಾಗ ಹೆಚ್ಚಿ, ಓಡುವಾಗ ಕಡಿಮೆಯಾದರೆ, ಎಣ್ಣೆಯು ಎಗ್ಸಾಸ್ಟ್ ಮ್ಯಾನಿಫೋಲ್ಡಿನಂತಹ ಬಿಸಿ ಭಾಗದ ಮೇಲೆ ತೊಟ್ಟಿಕ್ಕುತ್ತಿದೆ. ಓಡುವಾಗ ಗಾಳಿ ಈ ಹೊಗೆಯನ್ನು ಹಿಂದಕ್ಕೆ ಒಯ್ಯುತ್ತದೆ. ನಿಂತಾಗ ಅದು ನೇರವಾಗಿ ಮೇಲೇರಿ ಕ್ಯಾಬಿನ್ನಿಗೆ ನುಗ್ಗುತ್ತದೆ. ಕೃಷ್ಣರಾಜಪುರದಲ್ಲಿ ನಮಗಾದದ್ದು ಇದೇ.

ಭಾರ ಹೊತ್ತು ಏರು ಹತ್ತುವಾಗ ವಾಸನೆ ಹೆಚ್ಚಾದರೆ ಬ್ರೀದರ್ ಪೈಪನ್ನು ಅಥವಾ ಟರ್ಬೋಚಾರ್ಜರಿನ ಎಣ್ಣೆ ಪೈಪುಗಳನ್ನು ಸಂಶಯಿಸಬೇಕು. ಬ್ಲೋಯರ್ ಹಾಕಿದಾಗ ಮಾತ್ರ ಬಂದರೆ, ಹೊಗೆಯು ಮುಂಗಾಜಿನ ಕೆಳಗಿರುವ ಗಾಳಿ ಕಿಂಡಿಯ ಮೂಲಕ ಒಳಬರುತ್ತಿದೆ. ಎಣ್ಣೆ ಬದಲಾಯಿಸಿದ ಮೇಲೆ ಒಂದೆರಡು ದಿನ ಬಂದು ನಿಂತುಹೋದರೆ, ಅದು ಸುರಿಯುವಾಗ ಚೆಲ್ಲಿದ ಎಣ್ಣೆ, ಚಿಂತಿಸಬೇಕಾಗಿಲ್ಲ. ಆದರೆ ಆಮೇಲೂ ಬರುತ್ತಿದ್ದರೆ ಆಯಿಲ್ ಫಿಲ್ಟರು, ಅಡಿಯ ಡ್ರೈನ್ ಬೋಲ್ಟಿನ ವಾಷರು ಮತ್ತು ಎಣ್ಣೆ ಮುಚ್ಚಳವನ್ನು ಕೂಡಲೇ ನೋಡಬೇಕು.

ಎಣ್ಣೆ ಎಲ್ಲಿಂದ ಹೊರಬರುತ್ತದೆ?

ಟ್ಯಾಪೆಟ್ ಕವರ್: ಎಂಜಿನ್ನಿನ ತಲೆಯ ಮೇಲಿರುವ ಈ ಮುಚ್ಚಳದ ಗ್ಯಾಸ್ಕೆಟ್ ಕಾದು ಕಾದು ಗಡುಸಾಗಿ ಬಿರುಕು ಬಿಡುತ್ತದೆ. ಅಲ್ಲಿಂದ ಜಿನುಗಿದ ಎಣ್ಣೆ ಪಕ್ಕದ ಮ್ಯಾನಿಫೋಲ್ಡಿನ ಮೇಲೆ ಇಳಿದು ಸುಡುತ್ತದೆ. ಕ್ಯಾಬಿನ್ನಿಗೆ ಬರುವ ಎಣ್ಣೆ ವಾಸನೆಗೆ ಬಹುಮಟ್ಟಿಗೆ ಇದೇ ಕಾರಣವಾಗಿರುತ್ತದೆ.

ಎಣ್ಣೆ ಸುರಿಯುವ ಮುಚ್ಚಳ ಮತ್ತು ಅಳತೆ ಕಡ್ಡಿ: ಮುಚ್ಚಳದ ರಬ್ಬರ್ ವಾಷರು ಹಾಳಾಗಿದ್ದರೆ ಅಥವಾ ಕಡ್ಡಿ ಪೂರ್ತಿ ಕೂರದಿದ್ದರೆ ಎಣ್ಣೆಯ ಆವಿ ಹೊರಬರುತ್ತದೆ. ಇದಕ್ಕಿಂತ ಸುಲಭವಾಗಿ ಸರಿಹೋಗುವ ದೋಷ ಬೇರೊಂದಿಲ್ಲ. ಆದ್ದರಿಂದ ಮೊದಲು ಇದನ್ನೇ ನೋಡಿ.

ಬ್ರೀದರ್ ಪೈಪು: ಸಿಲಿಂಡರಿನಲ್ಲಿ ಉರಿದ ಅನಿಲದ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಎಣ್ಣೆ ಕೋಣೆಗೆ ಇಳಿಯುತ್ತದೆ. ಇದನ್ನು ಹೊರಬಿಡಲು ಬ್ರೀದರ್ ಇದೆ. ಪೈಪು ಸೀಳಿದ್ದರೆ ಎಣ್ಣೆ ಬೆರೆತ ಹೊಗೆ ಎಂಜಿನ್ ಸುತ್ತಲೇ ತುಂಬಿಕೊಳ್ಳುತ್ತದೆ. ಪೈಪು ಕಟ್ಟಿಕೊಂಡರೆ ಇನ್ನೂ ಕೆಡುಕು. ಒಳಗಿನ ಒತ್ತಡ ಹೆಚ್ಚಿ ಎಣ್ಣೆಯು ಇತರ ಸೀಲುಗಳ ಮೂಲಕ ಹೊರಬೀಳುತ್ತದೆ. ಬ್ರೀದರ್ ಕಟ್ಟಿರುವಾಗ ಸೀಲು ಬದಲಿಸಿದರೆ, ತೂಬು ಮುಚ್ಚಿ ಕೆರೆಯ ಏರಿಗೆ ಮಣ್ಣು ಹಾಕಿದಂತೆ.

ಸವೆದ ರಿಂಗುಗಳು: ಬ್ರೀದರ್ ಸರಿಯಿದ್ದೂ ಅದರಿಂದ ದಟ್ಟವಾಗಿ ಹೊಗೆ ಬರುತ್ತಿದ್ದರೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡರೆ, ಎಣ್ಣೆಯನ್ನು ಪದೇ ಪದೇ ತುಂಬಬೇಕಾಗಿ ಬಂದರೆ ರಿಂಗು ಮತ್ತು ಸಿಲಿಂಡರುಗಳು ಸವೆದಿರಬಹುದು. ಇದು ದೊಡ್ಡ ಕೆಲಸ. ನಂಬಿಕೆಯ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಅತಿಯಾಗಿ ತುಂಬಿದ ಎಣ್ಣೆ: ‘ಹೆಚ್ಚಿದ್ದರೆ ಒಳ್ಳೆಯದೇ’ ಎಂದು ಗುರುತು ಮೀರಿ ಎಣ್ಣೆ ಸುರಿಯುವ ಅಭ್ಯಾಸ ಸರಿಯಲ್ಲ. ತಿರುಗುವ ಕ್ರ್ಯಾಂಕ್ ಶಾಫ್ಟು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ. ಹೆಚ್ಚಾದದ್ದು ಬ್ರೀದರಿನಿಂದ ಹೊರಬರುತ್ತದೆ. ಸುರಿಯದೆಯೇ ಎಣ್ಣೆಯ ಮಟ್ಟ ಏರುತ್ತಿದ್ದರೆ ಅದಕ್ಕೆ ಡೀಸೆಲ್ ಅಥವಾ ನೀರು ಬೆರೆಯುತ್ತಿದೆಯೆಂದು ತಿಳಿದು ವಾಹನವನ್ನು ಓಡಿಸದೆ ನಿಲ್ಲಿಸಬೇಕು.

ಮೂಲವನ್ನು ಹುಡುಕುವ ಕ್ರಮ

ಎಣ್ಣೆ ಕಂಡ ಜಾಗವೇ ಸೋರುವ ಜಾಗವಲ್ಲ ಎಂಬುದನ್ನು ಮರೆಯಬಾರದು. ಎಣ್ಣೆ ಕೆಳಕ್ಕೆ ಇಳಿಯುತ್ತದೆ. ಫ್ಯಾನಿನ ಗಾಳಿ ಮತ್ತು ಓಟದ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತವೆ. ಆದ್ದರಿಂದ ಒದ್ದೆಯಾದ ಭಾಗದ ಅತ್ಯಂತ ಮೇಲಿನ ಹಾಗೂ ಅತ್ಯಂತ ಮುಂದಿನ ಜಾಗವನ್ನೇ ಮೂಲವೆಂದು ಹಿಡಿದು ನೋಡಬೇಕು. ಪರೀಕ್ಷೆಯನ್ನು ಈ ಕ್ರಮದಲ್ಲಿ ಮಾಡಿ:

೧. ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಕ್ಯಾಬಿನ್ನನ್ನು ಮುಂದಕ್ಕೆ ಬಾಗಿಸುವ ಮಾದರಿಯಾದರೆ ಅದರ ಕೊಂಡಿ ಪೂರ್ತಿ ಬಿದ್ದಿರುವುದನ್ನು ನೋಡಿಕೊಂಡೇ ಕೆಳಗೆ ಕೈ ಹಾಕಿ.

೨. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಳೆಯ ಎಣ್ಣೆ, ಧೂಳುಗಳನ್ನು ಸಾಬೂನು ನೀರಿನಿಂದ ಉಜ್ಜಿ ಒರೆಸಿ ಒಣಗಲು ಬಿಡಿ. ತಂತಿಗಳ ಜೋಡಣೆ, ಆಲ್ಟರ್ನೇಟರು ಮತ್ತು ಗಾಳಿ ಫಿಲ್ಟರಿಗೆ ನೀರು ತಾಗದಿರಲಿ.

೩. ಸಂಶಯವಿರುವ ಜೋಡಣೆಗಳ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ. ಕಾಲು ಗಂಟೆ ಓಡಿಸಿ ಬಂದು, ಎಂಜಿನ್ ನಿಲ್ಲಿಸಿ ನೋಡಿದರೆ ಬಿಳಿ ಪುಡಿಯ ಮೇಲೆ ಎಣ್ಣೆಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

೪. ರಾತ್ರಿ ಲಾರಿಯ ಅಡಿಯಲ್ಲಿ ರಟ್ಟಿನ ಹಾಳೆ ಹಾಸಿಡಿ. ಬೆಳಿಗ್ಗೆ ತೊಟ್ಟು ಬಿದ್ದ ಜಾಗದಿಂದ ಮೇಲಕ್ಕೆ ಹುಡುಕುತ್ತ ಹೋಗಿ.

೫. ಬೆಳಕಿಗೆ ಟಾರ್ಚನ್ನೇ ಬಳಸಿ. ಬೆಂಕಿಕಡ್ಡಿ, ಬೀಡಿ, ಊದುಬತ್ತಿಗಳನ್ನು ಹತ್ತಿರ ತರಬಾರದು.

ಕ್ಯಾಬಿನ್ನಿನೊಳಕ್ಕೆ ಬರುವ ದಾರಿ

ಎಣ್ಣೆ ಸೋರಿದರೂ ದಾರಿಯಿಲ್ಲದಿದ್ದರೆ ವಾಸನೆ ಒಳಗೆ ಬರುವುದಿಲ್ಲ. ಎಂಜಿನ್ ಚಾಲಕನ ಪಕ್ಕದಲ್ಲೇ ಅಥವಾ ಸೀಟಿನ ಕೆಳಗೇ ಇರುವ ಲಾರಿಗಳಲ್ಲಿ ಎಂಜಿನ್ ಮುಚ್ಚಳದ ಅಂಚಿನ ರಬ್ಬರ್ ಪಟ್ಟಿ ಮುಖ್ಯವಾದದ್ದು. ಪ್ರತಿ ಸಲ ರಿಪೇರಿಗೆ ಬಿಚ್ಚಿದಾಗಲೂ ಅದು ಹರಿಯುವ, ಕಳೆದುಹೋಗುವ ಸಂಭವವಿದೆ. ಗೇರ್ ಕಡ್ಡಿಯ ಬುಡದ ರಬ್ಬರ್ ಟೋಪಿ, ಪೆಡಲುಗಳ ತೂತು, ಸ್ಟೀರಿಂಗ್ ಕಂಬದ ಬುಡ ಮತ್ತು ತಂತಿಗಳು ಹಾದುಬರುವ ತೂತುಗಳನ್ನೂ ನೋಡಬೇಕು.

ಇವನ್ನು ಪರೀಕ್ಷಿಸಲು ಖರ್ಚಿಲ್ಲದ ಒಂದು ವಿಧಾನವಿದೆ. ಕತ್ತಲಾದ ಮೇಲೆ ಎಂಜಿನ್ ನಿಲ್ಲಿಸಿ, ಒಬ್ಬರು ಹೊರಗಿನಿಂದ ಎಂಜಿನ್ ಭಾಗದಲ್ಲಿ ಟಾರ್ಚ್ ಹಾಯಿಸಲಿ. ಇನ್ನೊಬ್ಬರು ದೀಪವಿಲ್ಲದ ಕ್ಯಾಬಿನ್ನಿನೊಳಗೆ ಕುಳಿತು ನೋಡಲಿ. ಬೆಳಕು ತೂರಿಬಂದ ಪ್ರತಿ ಸಂದಿಯಿಂದಲೂ ಹೊಗೆ ಬರಬಲ್ಲದು. ಅಲ್ಲಿಗೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು ಮರುದಿನ ಹೊಸ ರಬ್ಬರ್ ಹಾಕಿಸಿ. ಮುಚ್ಚಳದ ಅಡಿಯ ಹಾಸು ಎಣ್ಣೆ ಕುಡಿದಿದ್ದರೆ ಅದನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಸೋರಿಕೆ ನಿಂತ ಮೇಲೂ ವಾಸನೆ ಹೋಗದು. ಅಲ್ಲದೆ ಎಣ್ಣೆ ಕುಡಿದ ಹಾಸಿಗೆ ಬೆಂಕಿ ತಗಲುವ ಅಪಾಯವೂ ಇದೆ.

ವಾಸನೆಯಿಲ್ಲದ ವಿಷ

ಈ ಲೇಖನದಲ್ಲಿ ನೀವು ಮುಖ್ಯವಾಗಿ ನೆನಪಿಡಬೇಕಾದದ್ದು ಇದು. ಎಣ್ಣೆಯ ವಾಸನೆ ಬರುವ ಸಂದಿಯಿಂದಲೇ ಎಂಜಿನ್ನಿನ ಸುಟ್ಟ ಅನಿಲವೂ ಬರಬಲ್ಲದು. ಆ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಾಲುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಮೊದಲ ಲಕ್ಷಣಗಳು. ಹೆಚ್ಚಾದರೆ ಪ್ರಜ್ಞೆ ತಪ್ಪಿ ಪ್ರಾಣವೇ ಹೋಗಬಹುದು. ಪೆಟ್ರೋಲ್ ಎಂಜಿನ್ನಿಗೆ ಹೋಲಿಸಿದರೆ ಡೀಸೆಲ್ ಎಂಜಿನ್ ಇದನ್ನು ಕಡಿಮೆ ಉತ್ಪತ್ತಿ ಮಾಡುತ್ತದೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ.

ಮ್ಯಾನಿಫೋಲ್ಡಿನ ಜೋಡಣೆಯ ಬಳಿ ಕಪ್ಪು ಮಸಿಯ ಗೆರೆ ಕಂಡರೆ, ತಣ್ಣಗಿರುವಾಗ ಚಾಲೂ ಮಾಡಿದ ಕೂಡಲೇ ‘ಟಕ್ ಟಕ್’ ಎಂಬ ಸದ್ದು ಬಂದು ಕಾದಂತೆ ಕಡಿಮೆಯಾದರೆ ಅಲ್ಲಿ ಅನಿಲ ಸೋರುತ್ತಿದೆ. ಕ್ಯಾಬಿನ್ನಿನಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಕೆಳಗಿಳಿದರೆ ಹೋಗುತ್ತಿದ್ದರೆ ಲಾರಿಯನ್ನು ಮುಂದಕ್ಕೆ ಒಯ್ಯಬೇಡಿ. ಎಲ್ಲರೂ ಹೊರಗೆ ಬಂದು ಗಾಳಿಯಲ್ಲಿ ನಿಲ್ಲಿ. ಯಾರಿಗಾದರೂ ತೂಕಡಿಕೆ, ಗೊಂದಲ ಉಳಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಡಿಯ ಮುಂದೆ ಸರದಿಗಾಗಿ ಕಾಯುವಾಗ ಎಂಜಿನ್ ಚಾಲೂ ಇಟ್ಟು ಕ್ಯಾಬಿನ್ನಿನಲ್ಲಿ ಮಲಗುವುದನ್ನು ಎಂದಿಗೂ ಮಾಡಬಾರದು. ಹಿಂದಿನ ಕಿಂಡಿಯೊಂದನ್ನೇ ತೆರೆದಿಟ್ಟು ಓಡಿಸುವುದೂ ಸರಿಯಲ್ಲ. ಹಿಂದಿನ ಹೊಗೆಯನ್ನು ಅದು ಒಳಕ್ಕೆ ಎಳೆಯಬಹುದು.

ಊದುಬತ್ತಿ, ಸುಗಂಧದ ಡಬ್ಬಿಗಳಿಂದ ಎಣ್ಣೆಯ ವಾಸನೆಯನ್ನು ಮುಚ್ಚಬಹುದು. ಆದರೆ ಸಂದಿ ಇದೆಯೆಂದು ಹೇಳುವ ಒಂದೇ ಒಂದು ಸುಳಿವನ್ನೂ ನಾವೇ ಅಳಿಸಿಹಾಕಿದಂತಾಗುತ್ತದೆ.

ವಿಮಾನಗಳಲ್ಲಿಯೂ ಇದೇ ತೊಂದರೆ

ನಾವು ಲಾರಿ ನಿಲ್ಲಿಸಿದ ವಿಮಾನಪುರವು ೧೯೪೦ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್.ಎ.ಎಲ್. ಕಾರ್ಖಾನೆಯ ಸುತ್ತ ಬೆಳೆದ ಊರು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ಬೆಂಗಳೂರಿನ ಪ್ರಯಾಣಿಕರ ವಿಮಾನಗಳು ಇಳಿಯುತ್ತಿದ್ದುದೂ ಇಲ್ಲಿಯೇ. ಈ ತೊಂದರೆ ವಿಮಾನಗಳಿಗೂ ಇದೆಯೆಂದರೆ ನಿಮಗೆ ಆಶ್ಚರ್ಯವಾದೀತು. ಬಹುಪಾಲು ಜೆಟ್ ವಿಮಾನಗಳಲ್ಲಿ ಪ್ರಯಾಣಿಕರು ಉಸಿರಾಡುವ ಗಾಳಿಯನ್ನು ಎಂಜಿನ್ನಿನ ಕಂಪ್ರೆಸರ್ ಭಾಗದಿಂದಲೇ ತೆಗೆದು, ತಂಪು ಮಾಡಿ ಒಳಗೆ ಬಿಡುತ್ತಾರೆ. ಅಲ್ಲಿನ ಎಣ್ಣೆ ಸೀಲು ಸೋರಿದರೆ ಒಳಗೆಲ್ಲ ಎಣ್ಣೆಯ ವಾಸನೆ ಹರಡುತ್ತದೆ. ಅಂಥ ವಾಸನೆ ಬಂದಾಗ ವಿಮಾನ ಚಾಲಕರು ಅಗತ್ಯವಿದ್ದರೆ ಆಮ್ಲಜನಕದ ಮುಖವಾಡ ಧರಿಸುತ್ತಾರೆ. ಇಳಿದ ಮೇಲೆ ಅದನ್ನು ಬರೆದು ವರದಿ ಮಾಡುತ್ತಾರೆ. ೨೦೧೧ರಲ್ಲಿ ಸೇವೆಗೆ ಬಂದ ಬೋಯಿಂಗ್ ೭೮೭ ವಿಮಾನದಲ್ಲಿ ಎಂಜಿನ್ನಿನಿಂದ ಗಾಳಿ ತೆಗೆಯುವುದನ್ನೇ ಬಿಟ್ಟು, ವಿದ್ಯುತ್ತಿನಿಂದ ನಡೆಯುವ ಬೇರೆ ಕಂಪ್ರೆಸರುಗಳನ್ನು ಅಳವಡಿಸಿದ್ದಾರೆ. ಆಕಾಶದಲ್ಲಿ ಅಷ್ಟು ಗಂಭೀರವಾಗಿ ಪರಿಗಣಿಸುವ ವಾಸನೆಯನ್ನು ನೆಲದ ಮೇಲೆ ನಾವು ಅಲಕ್ಷಿಸುವುದು ಸರಿಯೇ?

ಸರಿಪಡಿಸುವಾಗ ಗಮನಿಸಬೇಕಾದ ಅಂಶಗಳು

ಟ್ಯಾಪೆಟ್ ಕವರ್ ಸೋರಿದ ಕೂಡಲೇ ಬೋಲ್ಟುಗಳನ್ನು ಬಲವಾಗಿ ಬಿಗಿಯುವುದು ಸಾಮಾನ್ಯ ತಪ್ಪು. ಇದರಿಂದ ಮುಚ್ಚಳ ಬಾಗುತ್ತದೆ, ಗ್ಯಾಸ್ಕೆಟ್ ಹಿಸುಕಿ ಹೋಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ಎರಡೂ ಮೈಗಳನ್ನು ಸ್ವಚ್ಛಗೊಳಿಸಿ, ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವಾಗಿ, ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಗ್ಯಾಸ್ಕೆಟ್ ಅಂಟನ್ನು ಧಾರಾಳವಾಗಿ ಬಳಿದರೆ ಅದರ ತುಣುಕು ಒಳಗೆ ಬಿದ್ದು ಎಣ್ಣೆಯ ದಾರಿಯನ್ನು ಕಟ್ಟಬಹುದು. ಗ್ಯಾಸ್ಕೆಟ್ಟಿನ ಬೆಲೆ ಅಲ್ಪ; ಎಣ್ಣೆ ಬರಿದಾಗಿ ಎಂಜಿನ್ ಹಿಡಿದುಕೊಂಡರೆ ಒಂದು ಬೆಳೆಯ ಆದಾಯವೇ ಹೋದೀತು. ಭಾರತ್ ಹಂತ-೬ರ ವಾಹನಗಳಲ್ಲಿ ಒಳಗೆ ಎಣ್ಣೆ ಸುಟ್ಟರೆ ಅದರ ಬೂದಿ ಮಸಿ ಫಿಲ್ಟರಿನಲ್ಲಿ ಉಳಿದು ಅದನ್ನೂ ಕೆಡಿಸುತ್ತದೆ.

ದಿನವೂ ಬೆಳಿಗ್ಗೆ ಚಾಲೂ ಮಾಡುವ ಮೊದಲು ಎಣ್ಣೆಯ ಮಟ್ಟವನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಹಾಲಿನ ಲೆಕ್ಕ ಇಡುವ ಪುಸ್ತಕದಲ್ಲೇ ಒಂದು ಸಾಲು ಸಾಕು.

ತೆಗೆದ ಹಳೆ ಎಣ್ಣೆಯನ್ನು ಗೆದ್ದಲಿಗೆಂದು ಗಿಡದ ಬುಡಕ್ಕೋ, ಕಾಲುವೆಗೋ ಸುರಿಯುವುದನ್ನು ನೋಡಿದ್ದೇನೆ. ಬೇಸಾಯಶಾಸ್ತ್ರದವನಾಗಿ ಇದನ್ನು ಒತ್ತಿ ಹೇಳಬೇಕಾಗಿದೆ: ಎಣ್ಣೆ ಮಣ್ಣಿನ ರಂಧ್ರಗಳನ್ನು ತುಂಬಿ ಬೇರಿಗೆ ನೀರು, ಗಾಳಿ ಸಿಗದಂತೆ ಮಾಡುತ್ತದೆ. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಪರವಾನಗಿ ಪಡೆದ ಸಂಗ್ರಹಕಾರರಿಗೆ ತಲುಪಿಸುವ ಗ್ಯಾರೇಜಿಗೇ ಕೊಡಿ.

ಕೊನೆಯದಾಗಿ

ಆ ಟೊಮ್ಯಾಟೊ ಲಾರಿಯ ಮೂರು ದೋಷಗಳು ಇವು: ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಬಿರುಕು ಬಿಟ್ಟಿತ್ತು, ಮ್ಯಾನಿಫೋಲ್ಡಿನ ಒಂದು ಜೋಡಣೆ ಸಡಿಲವಾಗಿ ಸುತ್ತ ಮಸಿ ಹಿಡಿದಿತ್ತು, ಹಿಂದೆ ಎಲ್ಲೋ ರಿಪೇರಿ ಮಾಡಿಸಿದಾಗ ಎಂಜಿನ್ ಮುಚ್ಚಳದ ರಬ್ಬರ್ ಪಟ್ಟಿಯನ್ನು ಮತ್ತೆ ಹಾಕಿರಲಿಲ್ಲ. ಮೊದಲನೆಯದು ವಾಸನೆ ಕೊಟ್ಟಿತು, ಎರಡನೆಯದು ವಿಷ ಕೊಟ್ಟಿತು, ಮೂರನೆಯದು ಎರಡಕ್ಕೂ ಬಾಗಿಲು ತೆರೆಯಿತು. ಮೂರನ್ನೂ ಸರಿಪಡಿಸಲು ಒಂದು ಹಗಲು ಸಾಕಾಯಿತು. ಕಳೆದ ಸಲ ಹೋದಾಗ ಆ ರೈತರು, “ಈಗ ಕೋಲಾರಕ್ಕೆ ಹೋಗಿ ಬಂದ್ರೂ ಹುಡುಗ ಆಕಳಿಸೋದಿಲ್ಲ ಸಾರ್” ಎಂದರು. ಅಷ್ಟು ದಿನ ಅವನನ್ನು ಸೋಮಾರಿ ಎಂದು ಬೈಯುತ್ತಿದ್ದುದಕ್ಕೆ ಅವರಿಗೆ ಬೇಸರವೂ ಆಗಿತ್ತು.

ರೈತ ಬಾಂಧವರೇ, ನಾಳೆ ಬೆಳಿಗ್ಗೆ ಲಾರಿ ಹತ್ತಿದಾಗ ಒಮ್ಮೆ ಉಸಿರೆಳೆದು ನೋಡಿ. ವಾಸನೆ ಬಂದರೆ ಅದನ್ನು ಮುಚ್ಚಬೇಡಿ, ಅದರ ಜಾಡು ಹಿಡಿದು ಹುಡುಕಿ. ಮೊದಲು ಮುಚ್ಚಳ ಮತ್ತು ಕಡ್ಡಿ, ಆಮೇಲೆ ಟ್ಯಾಪೆಟ್ ಕವರು, ಬ್ರೀದರು. ಅದರ ಜೊತೆಗೇ ಮ್ಯಾನಿಫೋಲ್ಡು ಮತ್ತು ಕ್ಯಾಬಿನ್ನಿನ ಸಂದಿಗಳು. ಬೆಳೆ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ತಲುಪಬೇಕು ನಿಜ. ಅದನ್ನು ಒಯ್ದವರೂ ಅಷ್ಟೇ ಸುಖವಾಗಿ ಮನೆಗೆ ಮರಳಬೇಕು.